ಹಿರಿಯರು ಒಂದು ಹೇಳುತ್ತಾರೆ, ರೆಪ್ ಇನ್ನೊಂದು: ಯಾವ ಪ್ರಶ್ನೆಗೆ ಯಾರನ್ನು ಕೇಳಬೇಕು?

ಪ್ರಶ್ನೆ: ಜಮಖಂಡಿಯಲ್ಲಿ ನಾಲ್ಕು ವರ್ಷದಿಂದ ಒಬ್ಬನೇ ಹಲ್ಲಿನ ದವಾಖಾನೆ ನಡೆಸುತ್ತಿದ್ದೇನೆ. ಓದಿದ್ದು ಬಿಡಿಎಸ್. ದಿನಕ್ಕೆ ಒಂದಾದರೂ ಅನುಮಾನ ಬಂದೇ ಬರುತ್ತದೆ. ತಡೆಯಲಾರದ ಹಲ್ಲುನೋವಿಗೆ ಆ್ಯಂಟಿಬಯಾಟಿಕ್ ಬರೆಯಬೇಕೇ? ಹೃದಯದ ಕವಾಟ ಕೆಟ್ಟವರ ಹಲ್ಲು ಕೀಳುವ ಮೊದಲು ಏನು ಕೊಡಬೇಕು? ಗುಟ್ಕಾ ತಿಂದು ಬಾಯಿ ಬಿಗಿದವರಿಗೆ ಇಂಜೆಕ್ಷನ್ನೋ, ಮಾತ್ರೆಯೋ? ಹಿರಿಯರನ್ನು ಕೇಳಿದರೆ ಒಂದು ಹೇಳುತ್ತಾರೆ, ಔಷಧ-ಸಾಮಾನು ಮಾರಲು ಬರುವ ಕಂಪನಿ ಪ್ರತಿನಿಧಿ (ರೆಪ್) ಇನ್ನೊಂದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರನೆಯದು, ಪುಸ್ತಕದಲ್ಲಿ ನಾಲ್ಕನೆಯದು. ಎರಡು ರೋಗಿಗಳ ನಡುವೆ ಸಿಗುವುದು ಹತ್ತು ನಿಮಿಷ. ಯಾರನ್ನು ನಂಬಲಿ? ದುಡ್ಡು ಕೊಟ್ಟು ಜರ್ನಲ್ ತರಿಸಬೇಕೇ?

ಉತ್ತರ: ನೀವು ಹೆಸರಿಸಿದ ನಾಲ್ವರಲ್ಲಿ ಯಾರೂ ಪೂರ್ತಿ ನಂಬಲರ್ಹರಲ್ಲ, ಯಾರೂ ಪೂರ್ತಿ ಕೆಲಸಕ್ಕೆ ಬಾರದವರೂ ಅಲ್ಲ. ತೊಂದರೆ ಆಗುವುದು ರೆಪ್‌ಗೆ ಕೇಳಬೇಕಾದ್ದನ್ನು ಹಿರಿಯರಿಗೆ, ಹಿರಿಯರಿಗೆ ಕೇಳಬೇಕಾದ್ದನ್ನು ಪುಸ್ತಕಕ್ಕೆ ಕೇಳಿದಾಗ. ಆದ್ದರಿಂದ ಮೊದಲು ಪ್ರಶ್ನೆಯ ಜಾತಿ ಗುರುತಿಸಿ, ಆಮೇಲೆ ಬಾಗಿಲು ತಟ್ಟಿ.

ಅನುಮಾನ ಬಂದಾಗ ದಂತವೈದ್ಯರು ಮೊದಲು ಮಾಡುವುದು ಗೊತ್ತಿರುವ ಇನ್ನೊಬ್ಬ ದಂತವೈದ್ಯರಿಗೆ ಫೋನ್. ಇದು ಜಮಖಂಡಿಯ ಕಥೆ ಮಾತ್ರವಲ್ಲ, ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಸ್ಲಾಸನ್ ಮತ್ತು ಶಾನಸಿ ಎಂಬ ಅಮೆರಿಕದ ವೈದ್ಯಶಿಕ್ಷಕರು 1994ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು: ಮಾಹಿತಿಯ ಉಪಯೋಗ ಎಂದರೆ ಅದು ನಿಮ್ಮ ರೋಗಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಎಷ್ಟು ಸತ್ಯ ಎಂಬುದರಿಂದ ಗುಣಿಸಿ, ಪಡೆಯಲು ಬಿದ್ದ ಶ್ರಮದಿಂದ ಭಾಗಿಸಿದ್ದು. ಹಿರಿಯರಿಗೆ ಫೋನ್ ಮಾಡುವ ಶ್ರಮ ಹೆಚ್ಚೂಕಡಿಮೆ ಸೊನ್ನೆ. ಹಾಗಾಗಿ ಅವರ ಮಾತಿನ ಸತ್ಯಾಂಶ ಅರೆಬರೆ ಇದ್ದರೂ ಗೆಲ್ಲುವುದು ಅವರೇ. ಇಪ್ಪತ್ತು ಪುಟದ ಲೇಖನ ಎಷ್ಟು ಸತ್ಯವಾಗಿದ್ದರೂ ಹತ್ತು ನಿಮಿಷದಲ್ಲಿ ಸೋಲುತ್ತದೆ. ನೀವು ಮಾಡಬೇಕಾದ್ದು ಹಿರಿಯರನ್ನು ಬಿಡುವುದಲ್ಲ, ಗಟ್ಟಿ ಮೂಲಗಳನ್ನು ತಲುಪುವ ಶ್ರಮ ಇಳಿಸುವುದು.

ಹಿರಿಯರಿಗೆ ಗೊತ್ತಿರುವುದು ಬೇರೆ ಎಲ್ಲೂ ಬರೆದಿಟ್ಟಿಲ್ಲ. ಯಾವ ಲ್ಯಾಬ್ ಕ್ರೌನಿನ ಅಂಚು ಸರಿ ಕೂರಿಸುತ್ತದೆ, ಬಾಗಿದ ಬೇರಿನ ನಾಳದಲ್ಲಿ ಫೈಲ್ ಯಾವ ತಿರುವಿನಲ್ಲಿ ಮುರಿಯುತ್ತದೆ, ಬಯಾಪ್ಸಿ ಬೇಕಾದ ರೋಗಿಯನ್ನು ವಿಜಯಪುರಕ್ಕೆ ಕಳಿಸಬೇಕೋ ಬೆಳಗಾವಿಗೋ, ಇವನ್ನೆಲ್ಲ ಅವರನ್ನೇ ಕೇಳಿ. ಕೇಳಬಾರದ್ದು ‘ಎಷ್ಟು ಜನರಿಗೆ ಗುಣವಾಗುತ್ತದೆ, ಎಷ್ಟು ಜನರಿಗೆ ಕೆಡುತ್ತದೆ’ ಎಂಬ ಲೆಕ್ಕ. ಅವರು ಸುಳ್ಳು ಹೇಳುತ್ತಾರೆಂದಲ್ಲ, ಆ ಲೆಕ್ಕ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕ್ರೌನ್ ಬಿದ್ದ ರೋಗಿ ಸಿಟ್ಟಿನಿಂದ ಬೇರೆ ದವಾಖಾನೆಗೆ ಹೋಗಿರುತ್ತಾನೆ, ಇಲ್ಲವೇ ಪುಣೆಗೆ ದುಡಿಯಲು ಹೋಗಿ ಅಲ್ಲೇ ತೆಗೆಸಿಕೊಂಡಿರುತ್ತಾನೆ. ‘ಇಪ್ಪತ್ತು ವರ್ಷದಲ್ಲಿ ನನ್ನದು ಒಂದೂ ಫೇಲ್ ಆಗಿಲ್ಲ’ ಎಂಬ ಮಾತಿನ ಅರ್ಥ ಬಹಳ ಸಲ ಇಷ್ಟೇ: ಫೇಲ್ ಆದವರು ತಿರುಗಿ ಬರಲಿಲ್ಲ.

ರೆಪ್‌ನಿಂದ ಬೆಲೆ, ಸ್ಟಾಕು, ವಾಯಿದೆ, ಬದಲಿಸಿ ಕೊಡುವ ಷರತ್ತು ಕೇಳಿ ತಿಳಿಯಿರಿ. ಆತ ತೋರಿಸುವ ಬಣ್ಣದ ಬ್ರೋಷರಿಗಿಂತ ಡಬ್ಬಿಯೊಳಗೆ ಮಡಚಿಟ್ಟ, ಇರುವೆ ಗಾತ್ರದ ಅಕ್ಷರದ ಬಳಕೆ ಸೂಚನೆಯ ಚೀಟಿ ದೊಡ್ಡ ಮೂಲ. ವಸ್ತುವನ್ನು ಬಳಸುವ ರೀತಿಗೆ ಅದಕ್ಕಿಂತ ಮೇಲಿನದಿಲ್ಲ. ಆದರೆ ಓದುವಾಗ ತಾಪಮಾನ ನೋಡಿ. ಹಲ್ಲು ತುಂಬಲು, ಕ್ರೌನ್ ಅಂಟಿಸಲು ಬಳಸುವ ಗ್ಲಾಸ್ ಅಯೊನೊಮರ್ ಸಿಮೆಂಟಿನ ಚೀಟಿಯಲ್ಲಿ ಬರೆದ ಕೆಲಸದ ಸಮಯ, ಅಂದರೆ ಗಟ್ಟಿಯಾಗುವ ಮೊದಲು ಕೈಯಾಡಿಸಲು ಸಿಗುವ ಹೊತ್ತು, ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಹೊರಗೆ 40 ಡಿಗ್ರಿ ಇದ್ದು ಕರೆಂಟೂ ಹೋಗಿದ್ದರೆ ಎರಡು ನಿಮಿಷದ ಸಮಯ ನಿಮಗೆ ಸಿಗುವುದಿಲ್ಲ. ಆಗ ಕೈ ತಾನಾಗಿ ಪುಡಿ ಕಡಿಮೆ ಹಾಕುತ್ತದೆ. ತೆಳುವಾಗಿ ಕಲಸಿದ ಸಿಮೆಂಟು ಮೆತ್ತಗಾಗಿ, ಜೊಲ್ಲಿನಲ್ಲಿ ಕರಗಿ, ಆರು ತಿಂಗಳಲ್ಲಿ ಅಂಚು ಬಿಡುತ್ತದೆ. ‘ಈ ಕಂಪನಿಯ ಮಾಲು ಸರಿ ಇಲ್ಲ’ ಎಂದು ಗುಂಪಿನಲ್ಲಿ ಬರೆಯುವವರಲ್ಲಿ ಕೆಲವರದು ಮಾಲಿನ ತಪ್ಪಲ್ಲ, ಮೇ ತಿಂಗಳಿನದು. ಗಾಜಿನ ಫಲಕವನ್ನೂ ಪುಡಿಯನ್ನೂ ತಂಪಾಗಿಡಿ. ನೀರು ಹನಿಗಟ್ಟುವಷ್ಟು ತಂಪು ಬೇಡ, ದ್ರವದ ಬಾಟಲಿಯನ್ನಂತೂ ಫ್ರಿಜ್‌ನಲ್ಲಿ ಇಡಬೇಡಿ, ಗಟ್ಟಿಯಾಗುತ್ತದೆ. ಇನ್ನು ರೆಪ್ ‘ನಮ್ಮ ಬಾಂಡ್ ಇಷ್ಟು ಮೆಗಾಪ್ಯಾಸ್ಕಲ್’ ಎಂದರೆ ಅದು ಅಂಟಿನ ಬಲವನ್ನು ಕಿತ್ತ ಹಲ್ಲಿನ ಮೇಲೆ ಯಂತ್ರದಲ್ಲಿ ಎಳೆದು ನೋಡಿದ ಅಂಕಿ ಎಂದು ತಿಳಿಯಿರಿ. ಬಾಯಲ್ಲಿ ಐದು ವರ್ಷ ಉಳಿಯುವುದು ಬೇರೆ ಸಂಗತಿ.

ಪಠ್ಯಪುಸ್ತಕ ಹಿನ್ನೆಲೆಯ ಪ್ರಶ್ನೆಗಳಿಗೆ. ನರ ಎಲ್ಲಿ ಹಾದುಹೋಗುತ್ತದೆ, ಫ್ಲೋರೋಸಿಸ್ ಆದ ಎನಾಮೆಲ್ ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತದೆ, ಔಷಧ ದೇಹದಲ್ಲಿ ಏನು ಮಾಡುತ್ತದೆ, ಇವು ಹತ್ತು ವರ್ಷದಲ್ಲಿ ಬದಲಾಗುವುದಿಲ್ಲ. ‘ಈ ರೋಗಿಗೆ ಇದನ್ನು ಕೊಡಲೋ ಅದನ್ನು ಕೊಡಲೋ’ ಎಂಬ ತೀರ್ಮಾನದ ಪ್ರಶ್ನೆಗೆ ಪುಸ್ತಕ ತಡವಾಗಿ ಬರುವ ಬಸ್ಸು. ಜೊತೆಗೆ ವಿದೇಶಿ ಪುಸ್ತಕದ ಲೆಕ್ಕವನ್ನು ಹಾಗೇ ಎತ್ತಿಕೊಂಡರೆ ಒಂದು ನಿರ್ದಿಷ್ಟ ಅಪಾಯವಿದೆ. ಹೃದ್ರೋಗಿಗೆ ಅರಿವಳಿಕೆಯೊಂದಿಗೆ ಹೋಗುವ ಅಡ್ರಿನಲಿನ್ 0.04 ಮಿಲಿಗ್ರಾಂ, ಅಂದರೆ 40 ಮೈಕ್ರೋಗ್ರಾಂ ದಾಟದಿರಲಿ, ಸುಮಾರು ಎರಡು ಕಾರ್ಟ್ರಿಜ್ (ಅರಿವಳಿಕೆ ತುಂಬಿಟ್ಟ ಪುಟ್ಟ ಕೊಳವೆ) ಸಾಕು ಎಂದು ಅಮೆರಿಕದ ಪುಸ್ತಕಗಳು ಹೇಳುತ್ತವೆ. ಅವರ ಕಾರ್ಟ್ರಿಜ್ 1.8 ಮಿಲಿಲೀಟರಿನದು, ಅಡ್ರಿನಲಿನ್ 1:1,00,000. ಒಂದರಲ್ಲಿ 18 ಮೈಕ್ರೋಗ್ರಾಂ, ಎರಡರಲ್ಲಿ 36. ನಮ್ಮಲ್ಲಿ 30 ಮಿಲಿಲೀಟರ್ ವೈಲ್‌ನಿಂದ 2 ಮಿಲಿಲೀಟರ್ ಸಿರಿಂಜಿಗೆ ಎಳೆದುಕೊಳ್ಳುವ ಲಿಗ್ನೋಕೇನ್ ಅರಿವಳಿಕೆಯಲ್ಲಿ ಸಾಮಾನ್ಯವಾಗಿ ಇರುವುದು 1:80,000. ಮಿಲಿಲೀಟರಿಗೆ 12.5 ಮೈಕ್ರೋಗ್ರಾಂ, ಸಿರಿಂಜಿಗೆ 25. ‘ಎರಡು ಕಾರ್ಟ್ರಿಜ್’ ಎಂಬುದನ್ನು ‘ಎರಡು ಸಿರಿಂಜು’ ಎಂದು ಓದಿಕೊಂಡರೆ 50 ಆಯಿತು, ಮಿತಿ ದಾಟಿತು. 40ಕ್ಕೆ ನಿಲ್ಲಬೇಕಾದರೆ ನಿಮ್ಮ ಲೆಕ್ಕ 3.2 ಮಿಲಿಲೀಟರ್. ಪುಸ್ತಕ ತಪ್ಪಲ್ಲ, ಅದು ಬೇರೆ ಸಾಮಾನಿನ ಬಗ್ಗೆ ಮಾತಾಡುತ್ತಿದೆ.

ಹಲ್ಲುನೋವಿನ ಪ್ರಶ್ನೆ, ಹತ್ತು ನಿಮಿಷದಲ್ಲಿ

ತೀರ್ಮಾನದ ಪ್ರಶ್ನೆಯನ್ನು ಹುಡುಕುವ ಮೊದಲು ನಾಲ್ಕು ತುಂಡು ಮಾಡಬೇಕು: ಯಾವ ರೋಗಿ, ಯಾವ ಚಿಕಿತ್ಸೆ, ಅದಿಲ್ಲದಿದ್ದರೆ ಏನು, ನಮಗೆ ಬೇಕಾದ ಫಲ ಯಾವುದು. ಕಾಲೇಜಿನಲ್ಲಿ ಇದನ್ನು ‘ಪಿಕೊ’ ಎಂದು ಬಾಯಿಪಾಠ ಮಾಡಿಸಿರುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ‘ಹಲ್ಲುನೋವಿಗೆ ಆ್ಯಂಟಿಬಯಾಟಿಕ್ ಕೊಡಬೇಕೇ’ ಎಂದು ಕೇಳಿದರೆ ಎಲ್ಲೂ ನೇರ ಉತ್ತರ ಸಿಗದು, ಏಕೆಂದರೆ ಅದು ಒಂದು ಪ್ರಶ್ನೆಯಲ್ಲ, ಮೂರು. ಪಲ್ಪ್ (ಹಲ್ಲಿನೊಳಗಿನ ನರ-ರಕ್ತನಾಳದ ತಿರುಳು) ಇನ್ನೂ ಜೀವಂತವಿದ್ದು ಉರಿಯೂತದಿಂದ ಸಿಡಿಯುತ್ತಿದೆಯೇ? ಪಲ್ಪ್ ಸತ್ತು ಬೇರಿನ ತುದಿಯಲ್ಲಿ ಕೀವು ಕಟ್ಟಿದೆಯೇ? ಜ್ವರ, ಮುಖದ ಬಾವು, ನುಂಗಲು ಕಷ್ಟ ಇವೆಯೇ?

ಹೀಗೆ ಬಿಡಿಸಿಕೊಂಡ ಮೇಲೆ ಮೊದಲು ಮಾರ್ಗಸೂಚಿ ನೋಡಿ. ಬಿಡಿ ಲೇಖನ ಆಮೇಲೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ಹೊರಡಿಸಿದೆ, ಉಚಿತ. ವಿಶ್ವ ಆರೋಗ್ಯ ಸಂಸ್ಥೆಯ 2022ರ ‘ಅವೇರ್’ ಆ್ಯಂಟಿಬಯಾಟಿಕ್ ಪುಸ್ತಕದಲ್ಲೂ ಬಾಯಿ-ಹಲ್ಲಿನ ಸೋಂಕಿಗೆ ಪ್ರತ್ಯೇಕ ಅಧ್ಯಾಯವಿದೆ. ಅದೂ ಉಚಿತ, ಮೊಬೈಲಿನಲ್ಲಿ ಇಳಿಸಿಟ್ಟುಕೊಳ್ಳಬಹುದು. ಎರಡೂ ಹೇಳುವ ಮುಖ್ಯ ಮಾತು ಒಂದೇ: ರೋಗನಿರೋಧಕ ಶಕ್ತಿ ಸರಿಯಿರುವ ವಯಸ್ಕರಲ್ಲಿ ಉರಿಯೂತದ ಪಲ್ಪ್ ನೋವಿಗೆ ಆ್ಯಂಟಿಬಯಾಟಿಕ್ ಬೇಡ. ಹಲ್ಲು ತೆರೆಯಿರಿ, ಇಲ್ಲವೇ ಕೀಳಿರಿ. ನೋವಿಗೆ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ರಕ್ತ ತೆಳುಮಾಡುವ ಔಷಧ ಇಲ್ಲದವರಿಗೆ, ಐಬುಪ್ರೊಫೆನ್ 400 ಮಿಲಿಗ್ರಾಂ ಜೊತೆಗೆ ಪ್ಯಾರಸಿಟಮಾಲ್ 500 ಮಿಲಿಗ್ರಾಂ. ‘ಸರ, ಪವರ್ ಗುಳಿಗಿ ಬರೀರಿ’ ಎಂದು ಬರುವವರಿಗೆ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಈ ಎರಡೂ ಕಡೆ ಹಲ್ಲಿನ ಸೋಂಕಿಗೆ ಮೊದಲು ಕಾಣುವ ಹೆಸರು ಅಮಾಕ್ಸಿಸಿಲಿನ್, ಆ ಜೋಡಿಯಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ವಿಷಯವಿದೆ. ಇದೇ ಪ್ರಶ್ನೆಗೆ, ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವ್ಯವಸ್ಥಿತ ವಿಮರ್ಶೆಯೂ ಇದೆ. ಕೊಕ್ರೇನ್ ಎಂದ ಕೂಡಲೇ ನೂರಾರು ಪ್ರಯೋಗಗಳನ್ನು ಅರೆದು ಕುಡಿದಿರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಜಗತ್ತನ್ನೆಲ್ಲ ಜಾಲಾಡಿ ಅವರಿಗೆ ಸಿಕ್ಕಿದ್ದು ಒಂದೇ ಪ್ರಯೋಗ, 40 ರೋಗಿಗಳು: ಕೆಲವರಿಗೆ ಪೆನಿಸಿಲಿನ್, ಕೆಲವರಿಗೆ ಹುಸಿಮಾತ್ರೆ, ಎಲ್ಲರಿಗೂ ನೋವಿನ ಮಾತ್ರೆ. ನೋವಿನಲ್ಲಾಗಲಿ, ನುಂಗಿದ ನೋವಿನ ಮಾತ್ರೆಗಳ ಸಂಖ್ಯೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 40 ಜನರ ಪುರಾವೆ ತೆಳುವಾದದ್ದೇ, ವಿಮರ್ಶೆ ಅದನ್ನು ಮುಚ್ಚಿಟ್ಟಿಲ್ಲ. ಹಾಗಾದರೆ ಮಾರ್ಗಸೂಚಿ ಇಷ್ಟು ಖಡಾಖಂಡಿತವಾಗಿ ಬೇಡ ಎನ್ನುವುದೇಕೆ? ಲಾಭದ ಪುರಾವೆ ತೆಳುವಾಗಿದ್ದರೂ ಕೆಡುಕಿನ ಪುರಾವೆ ದಪ್ಪವಾಗಿದೆ: ಭೇದಿ, ಅಲರ್ಜಿ, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ. ಪುರಾವೆಯ ಗಟ್ಟಿತನ ಬೇರೆ, ಸಲಹೆಯ ಗಟ್ಟಿತನ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಹಲ್ಲಿನ ವಿದ್ಯೆಯಲ್ಲಿ ಕಡಿಮೆ. ಮಾರ್ಗಸೂಚಿ ತೆರೆದಾಗ ಶಿಫಾರಸಿನ ಪಕ್ಕದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆಯೇ ನೋಡಿ. ಬರೆದಿಲ್ಲದಿದ್ದರೆ ಅದು ಕೋಟು ಹಾಕಿಕೊಂಡ ಹಿರಿಯರ ಅಭಿಪ್ರಾಯ, ಅಷ್ಟೇ.

ಇನ್ನೊಂದು ಸೂಕ್ಷ್ಮ. ಅದೇ 2019ರ ಮಾರ್ಗಸೂಚಿಯಲ್ಲಿ ಉತ್ತರ ಬದಲಾಗುವ ಒಂದು ಕವಲಿದೆ: ಹಲ್ಲಿಗೆ ಮಾಡಬೇಕಾದ ನೇರ ಚಿಕಿತ್ಸೆ ಇವತ್ತೇ ಸಾಧ್ಯವೇ? ಪಲ್ಪ್ ಸತ್ತು ಒಂದೆಡೆ ಕೀವು ಕಟ್ಟಿದೆ, ಚಿಕಿತ್ಸೆ ಕೂಡಲೇ ಸಾಧ್ಯವಿಲ್ಲ ಎಂದಾದರೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ, 3ರಿಂದ 7 ದಿನ ಎಂದು ಅದೇ ಹೇಳುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು ‘ಇವತ್ತು ಆಗಂಗಿಲ್ರಿ, ಗಾಡಿ ತುಂಬೂದೈತಿ’ ಎಂದು ಎದ್ದು ಹೋಗುವ ನಿಮ್ಮ ಊರಿನಲ್ಲಿ ಈ ಕವಲೇ ದಿನನಿತ್ಯದ ಸಂಗತಿ. ಸಾರಾಂಶ ಮಾತ್ರ ಓದಿದವರಿಗೆ ಇದು ತಪ್ಪಿಹೋಗುತ್ತದೆ. ಜ್ವರ, ಹರಡುವ ಬಾವು, ನುಂಗಲು ಅಥವಾ ಉಸಿರಾಡಲು ಕಷ್ಟ ಇದ್ದರೆ ಓದುತ್ತ ಕೂರುವ ಪ್ರಶ್ನೆಯೇ ಇಲ್ಲ, ಕೂಡಲೇ ದೊಡ್ಡ ಆಸ್ಪತ್ರೆಗೆ.

ಕವಾಟದ ಪ್ರಶ್ನೆ: ಮೂರು ದೇಶ, ಮೂರು ಮಾತು

ಹೃದಯಕ್ಕೆ ಸೋಂಕು ತಗಲದಂತೆ ಹಲ್ಲಿನ ಕೆಲಸಕ್ಕೆ ಮೊದಲು ಆ್ಯಂಟಿಬಯಾಟಿಕ್ ಕೊಡಬೇಕಾದವರ ಪಟ್ಟಿಯನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2007ರಲ್ಲಿ ಬಹಳ ಚಿಕ್ಕದು ಮಾಡಿತು: ಕೃತಕ ಕವಾಟ ಅಥವಾ ಕವಾಟದ ರಿಪೇರಿಗೆ ಹೊರಗಿನ ವಸ್ತು ಹಾಕಿಸಿಕೊಂಡವರು, ಹಿಂದೆ ಎಂಡೋಕಾರ್ಡೈಟಿಸ್ (ಹೃದಯದ ಒಳಪದರ, ಕವಾಟಗಳ ಸೋಂಕು) ಆದವರು, ಹುಟ್ಟಿನಿಂದ ಬಂದ ಕೆಲವು ಹೃದಯದೋಷದವರು, ಹೃದಯ ಕಸಿಯ ಬಳಿಕ ಕವಾಟ ಕೆಟ್ಟವರು. ಇವರಿಗೆ ಮಾತ್ರ, ಒಸಡು ಅಥವಾ ಬೇರಿನ ತುದಿಯ ಭಾಗವನ್ನು ಕೆಣಕುವ ಕೆಲಸಕ್ಕೆ 30ರಿಂದ 60 ನಿಮಿಷ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಒಂದೇ ಸಲ, ಮಕ್ಕಳಿಗೆ ಕಿಲೋಗೆ 50 ಮಿಲಿಗ್ರಾಂ. ಆಮೇಲೆ ಐದು ದಿನದ ಕೋರ್ಸ್ ಇಲ್ಲ. 2021ರಲ್ಲಿ ಇದೇ ಸಂಸ್ಥೆ ಪೆನಿಸಿಲಿನ್ ಅಲರ್ಜಿಯವರ ಪಟ್ಟಿಯಿಂದ ಕ್ಲಿಂಡಮೈಸಿನ್ ತೆಗೆದುಹಾಕಿತು, ಅದರ ಅಡ್ಡಪರಿಣಾಮಗಳು ಹೆಚ್ಚು ತೀವ್ರ ಎಂಬ ಕಾರಣಕ್ಕೆ. ಈಗ ಉಳಿದವು ಸೆಫಲೆಕ್ಸಿನ್ 2 ಗ್ರಾಂ, ಅಜಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ 500 ಮಿಲಿಗ್ರಾಂ, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಪೆನಿಸಿಲಿನ್‌ನಿಂದ ಮೈಮೇಲೆ ದದ್ದು, ಮುಖ ಊತ, ಅನಫಿಲ್ಯಾಕ್ಸಿಸ್ ಆದವರಿಗೆ ಸೆಫಲೆಕ್ಸಿನ್ ಕೂಡ ಬೇಡ. ನಿಮ್ಮ ಕಪಾಟಿನ ಪುಸ್ತಕ 2021ಕ್ಕಿಂತ ಹಳೆಯದಾಗಿದ್ದರೆ ಅದರಲ್ಲಿ ಕ್ಲಿಂಡಮೈಸಿನ್ 600 ಮಿಲಿಗ್ರಾಂ ಎಂದೇ ಇರುತ್ತದೆ. ಪುಸ್ತಕವೂ ಹಿರಿಯರೂ ಒಂದೇ ಮಾತು ಹೇಳಿದರು, ಎರಡು ಸಾಕ್ಷಿ ಸಿಕ್ಕಿತು ಎಂದುಕೊಳ್ಳಬೇಡಿ. ಹಿರಿಯರು ಓದಿದ್ದು ಅದೇ ಪುಸ್ತಕ.

ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಹಲ್ಲಿನ ಕೆಲಸಕ್ಕೆ ಇದು ಬೇಡವೇ ಬೇಡ ಎಂದಿತು, 2016ರಲ್ಲಿ ‘ವಾಡಿಕೆಯಂತೆ’ ಎಂಬ ಒಂದು ಶಬ್ದ ಸೇರಿಸಿ ಆ ಮಾತನ್ನು ಸಡಿಲಿಸಿತು. ಆಸ್ಟ್ರೇಲಿಯಾದವರು ಮಾತ್ರ ರುಮ್ಯಾಟಿಕ್ ಹೃದ್ರೋಗ (ಗಂಟಲು ಸೋಂಕಿನ ಬಳಿಕದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಡುವ ರೋಗ) ಹೆಚ್ಚಿರುವ ಸಮುದಾಯಗಳಿಗಾಗಿ ರುಮ್ಯಾಟಿಕ್ ಕವಾಟದ ರೋಗಿಗಳನ್ನೂ ಪಟ್ಟಿಯಲ್ಲಿ ಉಳಿಸಿಕೊಂಡರು. ನಿಮ್ಮ ಕುರ್ಚಿಯಲ್ಲಿ ಕೂರುವ ‘ಕವಾಟ ಕೆಟ್ಟ’ ರೋಗಿ ಹೆಚ್ಚಾಗಿ ರುಮ್ಯಾಟಿಕ್ ಜ್ವರದ ಬಾಕಿ. ಅಮೆರಿಕದ ಪಟ್ಟಿಯಲ್ಲಿ ಅವನಿಗೆ ಜಾಗವಿಲ್ಲ, ಏಕೆಂದರೆ ಆ ಪಟ್ಟಿ ಬರೆದವರ ಊರಿನಲ್ಲಿ ಆ ರೋಗ ಅಪರೂಪ. ಮಾರ್ಗಸೂಚಿಗಳು ಜಗಳವಾಡಿದಾಗ ಯಾವುದು ದೊಡ್ಡ ಸಂಸ್ಥೆ ಎಂದು ನೋಡಬೇಡಿ. ಅದು ಯಾವ ಜನರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು ಎಂದು ನೋಡಿ. ಇಂಥ ರೋಗಿಗೆ ಸರಿಯಾದ ಮೂಲ ಅವನದೇ ಹೃದಯತಜ್ಞರು. ಆದರೆ ‘ಫಿಟ್ ಫಾರ್ ಎಕ್ಸ್‌ಟ್ರಾಕ್ಷನ್ ಕೊಡಿ’ ಎಂದು ಚೀಟಿ ಕಳಿಸಿದರೆ ಒಂದು ಸೀಲು ಬೀಳುತ್ತದೆ, ಮತ್ತೇನೂ ಗೊತ್ತಾಗುವುದಿಲ್ಲ. ಯಾವ ಕವಾಟ, ಕೃತಕವೋ ಸಹಜವೋ, ಹಿಂದೆ ಸೋಂಕು ಆಗಿತ್ತೇ, ಕೊನೆಯ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಎಷ್ಟು, 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ನಡೆದಿದೆಯೇ ಎಂದು ಐದು ಸಾಲು ಕೇಳಿ. ಕೊನೆಯದು ಯಾಕೆಂದರೆ, ದೀರ್ಘಕಾಲ ಪೆನಿಸಿಲಿನ್ ಮೇಲಿರುವವರ ಬಾಯಿಯ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದೆ ಇರಬಹುದು, ಬೇರೆ ವರ್ಗದ ಔಷಧ ಬೇಕಾದೀತು.

ರಕ್ತ ತೆಳುಮಾಡುವ ವಾರ್ಫರಿನ್, ಕ್ಲೊಪಿಡೊಗ್ರೆಲ್, ಹೊಸ ಮಾತ್ರೆಗಳ ಪ್ರಶ್ನೆಗೆ ಸ್ಕಾಟ್ಲೆಂಡಿನ ಎಸ್‌ಡಿಸಿಇಪಿ ಮಾರ್ಗಸೂಚಿ ಇಟ್ಟುಕೊಳ್ಳಿ, ಉಚಿತ, ಹಲ್ಲಿನ ಡಾಕ್ಟರಿಗೆಂದೇ ಬರೆದದ್ದು. ಐಎನ್ಆರ್ 4ರ ಕೆಳಗಿದ್ದರೆ ವಾರ್ಫರಿನ್ ನಿಲ್ಲಿಸದೆ ಕೀಳಬಹುದು ಎಂಬಂಥ ನೇರ ಮಾತು ಅದರಲ್ಲಿದೆ. ಬಿದ್ದು ಹಲ್ಲು ಉದುರಿದ ಮಗುವಿಗೆ ಐಎಡಿಟಿ ಎಂಬ ಹಲ್ಲಿನ ಗಾಯಗಳ ಅಂತರರಾಷ್ಟ್ರೀಯ ಸಂಘದ 2020ರ ಮಾರ್ಗಸೂಚಿ. ಇದನ್ನು ಹುಡುಕುವ ಹೊತ್ತು ಸಿಗುವುದಿಲ್ಲ, ಮುದ್ರಿಸಿ ಗೋಡೆಗೆ ಅಂಟಿಸಿ. ಹಲ್ಲನ್ನು ಹಾಲಿನಲ್ಲಿ ತರಬೇಕು, ನೀರಿನಲ್ಲಲ್ಲ ಎಂಬುದು ಫೋನ್ ಎತ್ತುವ ನಿಮ್ಮ ಸಹಾಯಕಿಗೂ ಗೊತ್ತಿರಲಿ.

ಅಂದಹಾಗೆ, ಫ್ಲೋರೈಡ್ ವಿಷಯದಲ್ಲಿ ಬಾಗಲಕೋಟೆ, ವಿಜಯಪುರದವರು ವಿಶೇಷ ಎಚ್ಚರ ವಹಿಸಬೇಕು. ಬ್ರಿಟನ್ನಿನ ಸಲಹೆಯಲ್ಲಿ ಏಳು ವರ್ಷ ತುಂಬಿದವರಿಗೆ 1350ರಿಂದ 1500 ಪಿಪಿಎಂ ಪೇಸ್ಟ್ ಎಂದಿದೆ. ನಮ್ಮ ಕಾನೂನಿನಲ್ಲಿ ಮಾಮೂಲಿ ಟೂತ್‌ಪೇಸ್ಟಿಗೆ ಮಿತಿಯೇ 1000 ಪಿಪಿಎಂ, ಆ ಸಲಹೆ ಅಂಗಡಿಯಲ್ಲಿ ಸಿಗುವುದಿಲ್ಲ. ಅಮೆರಿಕದ ಪುಸ್ತಕಗಳು ನೀರಿನಲ್ಲಿ ಲೀಟರಿಗೆ 0.7 ಮಿಲಿಗ್ರಾಂ ಬೆರೆಸುವ ಊರನ್ನು ಮನಸ್ಸಿನಲ್ಲಿಟ್ಟು ಬರೆದವು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಹಳ್ಳಿಗಳ ಬೋರ್‌ವೆಲ್ ನೀರು 1.5 ಮಿಲಿಗ್ರಾಂ ಗಡಿಯನ್ನೇ ದಾಟುತ್ತದೆ. ಪಕ್ಕದ ಹಳ್ಳಿಗೆ ನದಿನೀರು ಬಂದಿರಬಹುದು. ಮಗುವಿಗೆ ಫ್ಲೋರೈಡ್ ಮಾತ್ರೆಯ ಬಗ್ಗೆ ಯೋಚಿಸುವ ಮೊದಲು ನೋಡಬೇಕಾದ ಮೂಲ ಜರ್ನಲ್ ಅಲ್ಲ, ಆ ಊರಿನ ನೀರಿನ ಪರೀಕ್ಷಾ ವರದಿ.

ಬಾಯಿಬಿಗಿತ: ಇಲ್ಲಿ ನೀವೇ ಅಗೆಯಬೇಕು

‘ಬಾಯಿ ತೆರಿಯಾಕ ಬರವಲ್ದ್ರಿ, ರೊಟ್ಟಿ ತುತ್ತು ಒಳಗ ಹೋಗವಲ್ದು.’ ಈ ಬಾಯಿಬಿಗಿತದ, ಅಂದರೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗದ ಬಗ್ಗೆ ವಿದೇಶಿ ಮಾರ್ಗಸೂಚಿಗಳು ಹೆಚ್ಚು ನೆರವಿಗೆ ಬರುವುದಿಲ್ಲ, ರೋಗಿಗಳಿರುವುದು ಇಲ್ಲಿ. ಅಡಿಕೆಯೇ ಮೂಲ ಕಾರಣ. ತಂಬಾಕಿಲ್ಲದೆ ಅಡಿಕೆ ಜಗಿಯುವ ತೈವಾನಿನಲ್ಲೂ ಈ ರೋಗವಿದೆ. ‘ತಂಬಾಕು ಬಿಟ್ಟೀನ್ರಿ, ಬರೇ ಅಡಕಿ’ ಎಂಬ ಸಮಾಧಾನ ನಡೆಯುವುದಿಲ್ಲ. ಹಾಗಾಗಿ ಪ್ರಯೋಗಗಳನ್ನು ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಉಚಿತ ಹುಡುಕುತಾಣದಲ್ಲಿ ನೀವೇ ನೋಡಬೇಕು.

ಇಂಗ್ಲಿಷಿನಲ್ಲಿ ರೋಗದ ಹೆಸರು, ಔಷಧದ ಹೆಸರು ಎರಡೇ ಟೈಪಿಸಿ. ಇಡೀ ವಾಕ್ಯ ಬೇಡ. ಉದ್ಧರಣ ಚಿಹ್ನೆಯೂ ಬೇಡ, ಅದು ಹಾಕಿದರೆ ಪಬ್‌ಮೆಡ್ ಸಮಾನಪದಗಳನ್ನು ತಾನಾಗಿ ಸೇರಿಸಿಕೊಳ್ಳುವುದು ನಿಂತುಹೋಗುತ್ತದೆ. ಎಡಗಡೆ ‘ಸಿಸ್ಟಮ್ಯಾಟಿಕ್ ರಿವ್ಯೂ’ ಒತ್ತಿ, ಏನೂ ಸಿಗದಿದ್ದರೆ ‘ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’. ‘ಫ್ರೀ ಫುಲ್ ಟೆಕ್ಸ್ಟ್’ ಗುಂಡಿ ಕೊನೆಗೆ ಒತ್ತಿ. ಮೊದಲೇ ಒತ್ತಿದರೆ ಗಟ್ಟಿ ಲೇಖನವೇ ಕಣ್ಮರೆಯಾಗಿ, ಬಿಟ್ಟಿ ಸಿಕ್ಕದ್ದೇ ಪುರಾವೆ ಎನಿಸಿಬಿಡುತ್ತದೆ. ವಿಮರ್ಶೆ ಸಿಕ್ಕರೆ ಪ್ರಕಟಣೆಯ ವರ್ಷ ಬಿಟ್ಟು ‘ಹುಡುಕಾಟ ಯಾವ ದಿನಾಂಕದವರೆಗೆ’ ಎಂಬ ಸಾಲು ಹುಡುಕಿ. ಎರಡರ ನಡುವೆ ಎರಡು ವರ್ಷದ ಅಂತರ ಇರುವುದುಂಟು.

ಪ್ರಯೋಗದ ಲೇಖನ ತೆರೆದಾಗ ‘ಕನ್‌ಕ್ಲೂಷನ್’ ಕೊನೆಗೆ ಓದಿ. ಮೊದಲು ನೋಡಬೇಕಾದ್ದು, ಎಷ್ಟು ಜನ ಸೇರಿದರು, ಎಷ್ಟು ಜನ ಕೊನೆಯವರೆಗೆ ಉಳಿದರು. ಆಮೇಲೆ, ಹೋಲಿಕೆಯ ಗುಂಪು ಇತ್ತೇ. ಈ ರೋಗದಲ್ಲಿ ಅದು ಪ್ರಾಣ. ಅಡಿಕೆ ಬಿಟ್ಟು ಬಾಯಿಯ ವ್ಯಾಯಾಮ ಮಾಡಿದರೆ ಔಷಧವಿಲ್ಲದೆಯೂ ಕೆಲವರ ಉರಿ ಇಳಿಯುತ್ತದೆ, ಬಾಯಿ ಒಂದಿಷ್ಟು ತೆರೆಯುತ್ತದೆ. ಹೋಲಿಕೆಯಿಲ್ಲದೆ ‘ಲೈಕೋಪೀನ್ ಕೊಟ್ಟೆವು, ಗುಣವಾಯಿತು’ ಎಂದರೆ ಗುಣ ಮಾಡಿದ್ದು ಮಾತ್ರೆಯೋ, ಬಿಟ್ಟ ಚಟವೋ ತಿಳಿಯದು. ಡೆಕ್ಸಾಮೆಥಾಸೋನ್ ಜೊತೆ ಹಯಲುರೊನಿಡೇಸ್ 1500 ಯೂನಿಟ್ ಚುಚ್ಚುವ ರೂಢಿಗೂ ಇದೇ ಪರೀಕ್ಷೆ ಹಚ್ಚಿ. ಮೂರನೆಯದು ಅಳತೆ. ಎರಡು ಗುಂಪಿನ ನಡುವೆ 2 ಮಿಲಿಮೀಟರ್ ವ್ಯತ್ಯಾಸ ಅಂಕಿಸಂಖ್ಯೆಯಲ್ಲಿ ‘ಸಿಗ್ನಿಫಿಕೆಂಟ್’ ಆಗಬಹುದು. ಸ್ಕೇಲ್ ಹಿಡಿಯುವ ಕೈಯ ತಪ್ಪೇ ಅಷ್ಟಿರುತ್ತದೆ, ಅಷ್ಟಕ್ಕೆ ಕಟಕ ರೊಟ್ಟಿಯ ತುತ್ತು ಒಳಗೆ ಹೋಗುವುದಿಲ್ಲ. ನಾಲ್ಕನೆಯದು ಅವಧಿ. ಮೂರು ತಿಂಗಳು ನೋಡಿದ ಪ್ರಯೋಗ, ಇಂಜೆಕ್ಷನ್ ನಿಂತ ಮೇಲೆ ಬಾಯಿ ಮತ್ತೆ ಬಿಗಿಯಿತೇ ಎಂದು ಹೇಳಲಾರದು, ಕ್ಯಾನ್ಸರಿಗೆ ತಿರುಗುವುದನ್ನಂತೂ ಹೇಳಲಾರದು.

ಭಾರತದ ಪ್ರಯೋಗವಾದರೆ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆ ಹುಡುಕಿ. 2007ರಲ್ಲಿ ಶುರುವಾದ ಈ ದಾಖಲೆ ಯಾರು ಬೇಕಾದರೂ ನೋಡಬಹುದಾದದ್ದು. ‘ಮುಖ್ಯ ಫಲ’ ಎಂದು ಅಲ್ಲಿ ಬರೆಸಿದ್ದು ಬಾಯಿ ತೆರೆಯುವಿಕೆ, ಲೇಖನದಲ್ಲಿ ಮೆರೆಸಿದ್ದು ಉರಿಯ ಇಳಿಕೆ ಎಂದಾದರೆ, ಗೆದ್ದ ಕುದುರೆಯನ್ನು ಆಮೇಲೆ ಆರಿಸಿದ್ದಾರೆ.

ದೊಡ್ಡ ಜರ್ನಲ್ ಎಂಬ ಒಂದೇ ಕಾರಣಕ್ಕೂ ಕಣ್ಣು ಮುಚ್ಚಬೇಡಿ. 2005ರಲ್ಲಿ ‘ಲ್ಯಾನ್ಸೆಟ್’ ಒಂದು ಲೇಖನ ಪ್ರಕಟಿಸಿತು, ನೋವಿನ ಮಾತ್ರೆಗಳು ಧೂಮಪಾನಿಗಳಲ್ಲಿ ಬಾಯಿಯ ಕ್ಯಾನ್ಸರ್ ಅಪಾಯ ತಗ್ಗಿಸುತ್ತವೆ ಎಂದು. ನಾರ್ವೆಯ ಆ ಸಂಶೋಧಕ 908 ಜನರ ಮಾಹಿತಿಯನ್ನೇ ಕಟ್ಟಿದ್ದ, ಸುಮಾರು 250 ‘ರೋಗಿಗಳ’ ಹುಟ್ಟಿದ ದಿನಾಂಕ ಒಂದೇ ಆಗಿತ್ತು. 2006ರಲ್ಲಿ ಲೇಖನ ಹಿಂತೆಗೆದರು. ಹಿಂತೆಗೆದ ಲೇಖನದ ಪಿಡಿಎಫ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ, ಪಬ್‌ಮೆಡ್ ಪುಟದಲ್ಲಿ ಮಾತ್ರ ತಲೆಯ ಮೇಲೆ ‘ರಿಟ್ರ್ಯಾಕ್ಟೆಡ್’ ಎಂದಿರುತ್ತದೆ. ಗುಂಪಿನಲ್ಲಿ ಬಂದ ಪಿಡಿಎಫ್‌ನ ಶೀರ್ಷಿಕೆಯನ್ನು ಅಲ್ಲಿ ಹಾಕಿ ನೋಡಲು ಅರ್ಧ ನಿಮಿಷ ಸಾಕು. ಚಾಟ್‌ಬಾಟ್ ಕೊಡುವ ಉಲ್ಲೇಖಗಳಿಗೂ ಇದೇ ಪರೀಕ್ಷೆ. ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು ಅಂಟಿಸುವುದರಲ್ಲಿ ಅವು ನಿಸ್ಸೀಮ. ಯೂಟ್ಯೂಬ್ ಕೈಚಳಕಕ್ಕೆ, ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹೇಗೆ ಹಾಕಬೇಕು ಎಂಬುದಕ್ಕೆ. ಹಾಕಬೇಕೇ ಬೇಡವೇ ಎಂಬುದಕ್ಕಲ್ಲ.

ಜರ್ನಲ್‌ಗೆ ಈಗ ದುಡ್ಡು ಹಾಕಬೇಡಿ. ಕೊಕ್ರೇನ್ ವಿಮರ್ಶೆಗಳ ಸಾರಾಂಶ ಎಂದಿಗೂ ಉಚಿತ, 12 ತಿಂಗಳು ಕಳೆದರೆ ಬಹುತೇಕ ಪೂರ್ಣಪಾಠವೂ. ಇಂಡಿಯನ್ ಜರ್ನಲ್ ಆಫ್ ಡೆಂಟಲ್ ರಿಸರ್ಚ್‌ನಂಥ ನಮ್ಮ ದೇಶದ ಹಲವು ಜರ್ನಲ್‌ಗಳು ತೆರೆದೇ ಇವೆ. ಉಳಿದವಕ್ಕೆ ಲೇಖನದ ಮೊದಲ ಪುಟದಲ್ಲಿರುವ ಲೇಖಕರ ಇಮೇಲಿಗೆ ಎರಡು ಸಾಲು ಬರೆದರೆ ಬಹಳ ಮಂದಿ ಕಳಿಸಿಕೊಡುತ್ತಾರೆ. ಬಾಗಲಕೋಟೆಯ ಪಿ.ಎಂ. ನಾಡಗೌಡ ಕಾಲೇಜು, ವಿಜಯಪುರದ ಅಲ್-ಅಮೀನ್ ಕಾಲೇಜು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಅಡಿಯವು, ಆ ವಿಶ್ವವಿದ್ಯಾಲಯ 2003ರಿಂದ ಹೆಲಿನೆಟ್ ಎಂಬ ಜರ್ನಲ್ ಜಾಲ ನಡೆಸುತ್ತಿದೆ. ಓದಿದ ಕಾಲೇಜಿನ ಗ್ರಂಥಪಾಲಕರಿಗೆ ಒಂದು ಫೋನ್ ಮಾಡಿ, ಹಳೆಯ ವಿದ್ಯಾರ್ಥಿಗೆ ಕೂತು ಓದಲು ಬಿಡುತ್ತಾರೆಯೇ ಕೇಳಿ. ಹತ್ತು ನಿಮಿಷದಲ್ಲಿ ಮುಗಿಯದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕೂಡಿಟ್ಟು, ತಿಂಗಳಿಗೆ ಅರ್ಧ ದಿನ ಅಲ್ಲಿ ಕೂತರೆ ಆಯಿತು. ಉತ್ತರ ಸಿಕ್ಕ ದಿನಾಂಕವನ್ನೂ ಪಕ್ಕದಲ್ಲಿ ಬರೆಯಿರಿ, ಕ್ಲಿಂಡಮೈಸಿನ್ ಕಥೆ ಮರೆಯಬೇಡಿ. ಜರ್ನಲ್ಲಿನ ಚಂದಾ ಉಳಿದ ದುಡ್ಡಿನಲ್ಲಿ ಕೋಣೆಗೊಂದು ಥರ್ಮಾಮೀಟರ್, ಒಂದು ವರ್ನಿಯರ್ ಕ್ಯಾಲಿಪರ್ ತನ್ನಿ. ಮೊದಲನೆಯದು ಸಿಮೆಂಟ್ ಕಲಸುವ ಮೇಜಿನ ಮೇಲಿರಲಿ. ಎರಡನೆಯದರಿಂದ ಬಾಯಿಬಿಗಿತದ ಪ್ರತಿ ರೋಗಿಯ ಮೇಲಿನ-ಕೆಳಗಿನ ಮುಂದಿನ ಹಲ್ಲುಗಳ ನಡುವಿನ ಅಂತರವನ್ನು ಪ್ರತಿ ಭೇಟಿಯಲ್ಲೂ ಅಳೆದು ಕೇಸ್ ಪೇಪರಿನಲ್ಲಿ ಬರೆಯಿರಿ, ಇಂಜೆಕ್ಷನ್ ಕೊಟ್ಟವರದ್ದೂ, ಕೊಡದವರದ್ದೂ.